ಮಾವಶಿಯ ಮರಾಠಿ

ಭಾಷೆ ಬರುತ್ತದೆ ಎಂದು ಹೇಳಿಕೊಳ್ಳಲು ನಮ್ಮ ಕಡೆ ಯಾರೂ ನಾಚುವುದಿಲ್ಲ. ಸಿಂದಗಿಯಲ್ಲಿ ನನ್ನ ಜೊತೆ ಕೆಲಸ ಮಾಡುತ್ತಿದ್ದ ಗಣಿತದ ಮಾಸ್ತರರಿಗೆ ತೆಲುಗು ಬರುತ್ತಿತ್ತು; ಅವರು ಒಮ್ಮೆ ತಿರುಪತಿಗೆ ಹೋಗಿ ಬಂದಿದ್ದರು. ಬಸವನ ಬಾಗೇವಾಡಿಯಲ್ಲಿ ನಾನಿದ್ದ ಓಣಿಯ ಕಿರಾಣಿ ಅಂಗಡಿಯವನಿಗೆ ಹಿಂದಿ ಬರುತ್ತಿತ್ತು. ಅವನ ಅಂಗಡಿಯಲ್ಲಿ ಟಿವಿ ಇತ್ತು. ಇಂಡಿ ತಾಲೂಕಿನಲ್ಲಂತೂ ಮರಾಠಿ ಬಾರದವರೇ ಇಲ್ಲ. ಸೋಲಾಪುರದ ದವಾಖಾನೆಯಲ್ಲಿ ಯಾರದೋ ಕಾಟಿನ ಪಕ್ಕ ನಾಲ್ಕು ದಿನ ಕೂತು ಬಂದವರೆಲ್ಲ ಪಂಡಿತರು. “ತಿಳಿತೈತಿ, ಹೊಳ್ಳಿ ಮಾತಾಡಾಕ ಬರಂಗಿಲ್ಲ” ಎಂದು ಇದ್ದದ್ದು ಇದ್ದಂತೆ ಹೇಳುವವರೂ ಇದ್ದಾರೆ. ಅಂಥವರನ್ನು ಯಾರೂ ವೇದಿಕೆಗೆ ಕರೆಯುವುದಿಲ್ಲ.

ನನ್ನನ್ನು ಕರೆದರು. ಮುದ್ದೇಬಿಹಾಳದ ಹೈಸ್ಕೂಲಿಗೆ ವರ್ಗವಾಗಿ ಬಂದ ದಿನ ಮುಖ್ಯಗುರುಗಳು ಪ್ರಾರ್ಥನೆಯ ಸಾಲಿನ ಮುಂದೆ ನಿಲ್ಲಿಸಿ, “ನಮ್ಮ ಹೊಸಾ ಹಿಂದಿ ಟೀಚರ್‌ಗೆ ಐದ ಭಾಷಿ ಬರ್ತಾವ ನೋಡ್ರಿ” ಎಂದರು. ಮಕ್ಕಳು ಚಪ್ಪಾಳೆ ತಟ್ಟಿದರು. ನಾನು ಕೈ ಮುಗಿದೆ. ಹಿಂದಿ ನನಗೆ ಹೊಟ್ಟೆಯ ಭಾಷೆ, ಸಂಬಳ ಕೊಡುತ್ತದೆ. ಇಂಗ್ಲಿಷು ಪುಸ್ತಕದ್ದು, ಪುಸ್ತಕ ಮುಚ್ಚಿದರೆ ಅದೂ ಮುಚ್ಚುತ್ತದೆ. ಉರ್ದು ಬಾಲ್ಯದ ನೆರೆಮನೆಯವರದು, ಲೇವಡಿಗೂ ಚೌಕಾಶಿಗೂ ಸಾಕಾಗುವಷ್ಟು ಇದೆ. ಕನ್ನಡದಲ್ಲಿ ಬದುಕುತ್ತೇನೆ. ಉಳಿದದ್ದು ಮರಾಠಿ. ಅದು ನನ್ನ ತಾಯಿಯದು.

ನನ್ನ ತಾಯಿ ಗಡಿಯಾಚೆಯ ಹಳ್ಳಿಯವಳು. ಲಚ್ಯಾಣದ ಹತ್ತಿರದ ನಮ್ಮೂರಿಗೆ ಲಗ್ನವಾಗಿ ಬಂದು ಕನ್ನಡ ಕಲಿತಳು, ಸಂತೆ ಮಾಡಿದಳು, ಕನ್ನಡದಲ್ಲೇ ಜಗಳವಾಡಿ ಗೆದ್ದಳು. ಆದರೆ ನನ್ನ ತಲೆಗೆ ಎಣ್ಣೆ ಹಚ್ಚುವಾಗ, ಜ್ವರ ಬಂದಾಗ, ಅಪ್ಪ ಕೇಳಬಾರದ ಮಾತು ಹೇಳುವಾಗ ಮರಾಠಿಗೆ ಹೊರಳುತ್ತಿದ್ದಳು. ನಾನು ಮುದ್ದೇಬಿಹಾಳಕ್ಕೆ ಬರುವ ಹಿಂದಿನ ವರ್ಷ ತೀರಿಕೊಂಡಳು. ತಮ್ಮನಿಗೆ ಮರಾಠಿ ತಿಳಿಯುತ್ತದೆ, ಉತ್ತರ ಮಾತ್ರ ಕನ್ನಡದಲ್ಲಿ ಕೊಡುತ್ತಾನೆ. ಹಾಗಾಗಿ ಅವಳ ಜೊತೆಗೇ ನನ್ನ ಒಂದು ಬಾಯಿಯೂ ಹೋಯಿತು. ಅಡಿಗೆ ಮಾಡುವಾಗ ಗೋಡೆಯ ಜೊತೆ ಮರಾಠಿಯಲ್ಲಿ ಗೊಣಗಿಕೊಳ್ಳುತ್ತಿದ್ದೆ. ಗೋಡೆ “ಜೇವಲೀಸ ಕಾ”, ಉಂಡೆಯಾ, ಎಂದು ಮರಳಿ ಕೇಳುವುದಿಲ್ಲ. ಆ ಒಂದು ಮಾತು ಕೇಳಬೇಕೆಂದು ನನಗೆ ಎಷ್ಟು ಆಸೆಯಿತ್ತು ಎಂದು ಈಗ ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಮನೆ ಹುಡುಕಿಕೊಟ್ಟವರೂ ಅದೇ ಮುಖ್ಯಗುರುಗಳು. ಹೊಲ ಮನೆ ಇದ್ದ ಹಳೆಯ ಮನೆತನ. ದೊಡ್ಡ ಅಂಗಳದ ಒಂದು ಬದಿಗೆ ಬಾಡಿಗೆಗೆಂದು ಎರಡು ಕೋಣೆ. ಊರಿನಲ್ಲಿ ಅವರಿಗೆ ‘ಮರಾಠಿ ಮಂದಿ’ ಎಂದೇ ಹೆಸರು. ಮೊದಲ ದಿನ ನಾನು ಕಂಡವರ ಬಾಯಲ್ಲಿ ಮರಾಠಿಯ ಒಂದಕ್ಷರ ಇರಲಿಲ್ಲ. ಯಜಮಾನ, ಅವನ ಹೆಂಡತಿ, ಇಬ್ಬರೂ ಹುಟ್ಟಿದಾಗಿನಿಂದ ಕನ್ನಡವನ್ನಷ್ಟೇ ಆಡಿದವರು. ಭಾಷೆ ಹೋಗಿ ಜಾತಿ ಉಳಿದ ಮನೆ. ಮುಖ್ಯಗುರುಗಳು “ಟೀಚರ್ ಮನಿ ಮಾತು ಮರಾಠಿ” ಎಂದು ಹೇಳಿದ್ದರು, ಅವರು “ಹಂಗಾರ ನಮ್ಮವರss ಆದ್ರು ಬಿಡ್ರಿ” ಎಂದು ತಾವೇ ತೀರ್ಮಾನಿಸಿಬಿಟ್ಟರು. ಮಾತು ಕೇಳಿ ಮಂದಿಯನ್ನು ಅಳೆಯುವುದರಲ್ಲಿ ನಮ್ಮ ಕಡೆಯವರಿಗೆ ಇರುವ ವಿಶ್ವಾಸವನ್ನು ನಾನು ಎಲ್ಲೂ ಕಂಡಿಲ್ಲ. ಉರ್ದು ಆಡಿದರೆ ಇಂಥವರು, ಲಂಬಾಣಿ ಆಡಿದರೆ ತಾಂಡೆಯವರು, ಮರಾಠಿ ಆಡಿದರೆ ತಮ್ಮವರು. ಮರಾಠಿ ಆಡುವ ಊರುಗಳಿಗೂ ಊರ ಹೊರಗೊಂದು ಓಣಿ ಇರುತ್ತದೆ ಎಂದು ಅವರಿಗೆ ಹೊಳೆಯಲೇ ಇಲ್ಲ.

ನಾವು ಬೌದ್ಧರು. ನನ್ನ ಅಜ್ಜನ ಕಾಲಕ್ಕೇ ನಮ್ಮ ಓಣಿ ಬೌದ್ಧವಾಯಿತು. ಕೇಳಿದವರಿಗೆ ಯಾವತ್ತೂ ಹೇಳಿದ್ದೇನೆ, ಹೇಳಿ ಸಿಂದಗಿಯಲ್ಲಿ ಬಾಗಿಲು ಮುಚ್ಚಿಸಿಕೊಂಡಿದ್ದೇನೆ. ಈ ಮನೆಯವರು ಕೇಳಲಿಲ್ಲ. ತಲೆಬಾಗಿಲಲ್ಲಿ ನಿಂತು “ನನ್ನ ಜಾತಿ ಕೇಳಲಿಲ್ಲವಲ್ಲ” ಎಂದು ನೆನಪಿಸುವ ಉಸಾಬರಿ ನನಗೂ ಬೇಕಿರಲಿಲ್ಲ.

ಮಾವಶಿಯನ್ನು ಮೊದಲು ಕಂಡದ್ದು ಮರುದಿನ ಮುಂಜಾನೆ. ಯಜಮಾನನ ತಾಯಿ ಅವಳು. ನಾನು ಪಾತ್ರೆ ಜೋಡಿಸುತ್ತಿದ್ದೆ. ಕಿಟಕಿಯಾಚೆ ಯಾರೋ ಒಳ್ಳೆಯ, ದಪ್ಪನೆಯ, ಹೊಲದ ಮಣ್ಣಿನಂಥ ಮರಾಠಿಯಲ್ಲಿ ಬಯ್ಯುತ್ತಿದ್ದರು. ಬಗ್ಗಿ ನೋಡಿದರೆ ಒಬ್ಬ ಮುದುಕಿ, ಎದುರಿಗೆ ಎಮ್ಮೆ. ಅವಳ ಅತ್ತೆಯೂ ಗಡಿಯಾಚೆಯವಳೇ ಅಂತೆ. ಮಗ ಹುಟ್ಟುವ ಮೊದಲೇ ಆ ಅತ್ತೆ ಸತ್ತಳು, ಗಂಡ ಮಕ್ಕಳಿಗೆ ಕನ್ನಡವನ್ನೇ ಆಡಿಸಿದ; ಆಮೇಲೆ ಈ ಮನೆಯಲ್ಲಿ ಮರಾಠಿ ಕೇಳುವ ಕಿವಿ ಎಮ್ಮೆಯದು ಮಾತ್ರ. ಮಕ್ಕಳಿಗಿಂತ ಎಮ್ಮೆಗೇ ಚೆನ್ನಾಗಿ ತಿಳಿಯುತ್ತಿತ್ತು, ಸರಿ ಎಂದರೆ ಸರಿಯುತ್ತಿತ್ತು. ನಾನು ಕಿಟಕಿಯಿಂದಲೇ ಮರಾಠಿಯಲ್ಲಿ, “ಪಾಪ, ಅದಕ್ಕೇಕೆ ಬಯ್ಯುತ್ತೀರಿ” ಎಂದೆ. ಮುದುಕಿ ಮೊದಲು ಎಮ್ಮೆಯ ಮುಖ ನೋಡಿದಳು. ಆಮೇಲೆ ನನ್ನನ್ನು ನೋಡಿದಳು. ಸೆಗಣಿಯ ಕೈಯಲ್ಲೇ ಬಂದು ಕಿಟಕಿಯ ಸರಳು ಹಿಡಿದು, “ಇನ್ನೊಮ್ಮೆ ಹೇಳು” ಎಂದಳು. ಕಣ್ಣು ತುಂಬಿಕೊಂಡಿತ್ತು.

ಅಂದಿನಿಂದ ನಾನು ಶಾಲೆಯಿಂದ ಬರುವುದನ್ನೇ ಕಾಯುತ್ತಿದ್ದಳು. “ಮಲಾ ಮಾವಶೀ ಮ್ಹಣ” ಎಂದಳು, ನನ್ನನ್ನು ಚಿಕ್ಕಮ್ಮ ಅನ್ನು. ನಾನು ಅಂದೆ. ಅವಳು ನನ್ನನ್ನು ಪೋರಿ ಎಂದಳು, ಹುಡುಗಿ. ಮೂವತ್ತು ದಾಟಿದ ನನ್ನನ್ನು ಹುಡುಗಿ ಎನ್ನುವವರು ಲೋಕದಲ್ಲಿ ಮತ್ಯಾರೂ ಉಳಿದಿರಲಿಲ್ಲ. ನನ್ನ ಮರಾಠಿಯಲ್ಲಿ ಕನ್ನಡ ಕೂತಿದೆ ಎಂದು ನಗುತ್ತಿದ್ದಳು. ಮಾತಿನ ಕೊನೆಯನ್ನು ನೀನು ಬಿಜಾಪುರದವರ ಹಾಗೆ ಎಳೆಯುತ್ತೀ ಎಂದು ಅಣಕಿಸಿ ತೋರಿಸುತ್ತಿದ್ದಳು. ಅವಳ ಮರಾಠಿಯಲ್ಲೂ ಅಷ್ಟೇ ಕನ್ನಡವಿತ್ತು, ಅದನ್ನು ಹೇಳಿದರೆ ಒಪ್ಪುತ್ತಿರಲಿಲ್ಲ. ನನ್ನ ಕಾಟಿನ ಮೇಲೆ ಕಾಲು ಮಡಚಿ ಕೂತು ತವರಿನ ಬಾವಿ, ಹುಣಸೆಮರ, ಬಾಲ್ಯದಲ್ಲೇ ಸತ್ತ ಅಕ್ಕ, ಎಲ್ಲವನ್ನೂ ಹೇಳುತ್ತಿದ್ದಳು. ಬೀಸುವ ಹಾಡು ಹಾಡುತ್ತಿದ್ದಳು. ನಡುವೆ ಮರೆತ ಸಾಲನ್ನು ನನ್ನ ತಾಯಿಯಿಂದ ಕೇಳಿದ್ದ ನಾನು ತುಂಬಿಕೊಟ್ಟರೆ ತೊಡೆಗೆ ಚಟ್ಟೆಂದು ಹೊಡೆದು ಸಂತೋಷಪಡುತ್ತಿದ್ದಳು. ಯಜಮಾನ ಅಂಗಳದಲ್ಲಿ ಹಾಯುವಾಗ, “ಅವ್ವಗ ಮುಪ್ಪಿನಾಗ ಮಗಳ ಹುಟ್ಟ್ಯಾಳ” ಎಂದು ಚೇಷ್ಟೆ ಮಾಡುತ್ತಿದ್ದ. ನಾನು ಸುಖವಾಗಿದ್ದೆ. ಅದನ್ನು ಮುಚ್ಚಿಟ್ಟುಕೊಳ್ಳುವುದೇಕೆ?

ಒಂದು ಭಾನುವಾರ ನನ್ನ ಸೋದರಮಾವ ನನ್ನನ್ನು ನೋಡಲು ಬಂದ. ರೈಲ್ವೆಯಲ್ಲಿ ದುಡಿದು ನಿವೃತ್ತನಾದವನು, ಯಾರ ಮುಂದೆಯೂ ದನಿ ತಗ್ಗಿಸಿದವನಲ್ಲ. ಮಾವಶಿ ಅಂಗಳದ ಕಟ್ಟೆಯ ಮೇಲೆ ಕೂತು ನನ್ನ ತಲೆ ಬಾಚುತ್ತಿದ್ದಳು. ಮಾವ ಗೇಟು ತೆರೆಯುತ್ತಲೇ ನಮ್ಮವರು ಒಬ್ಬರಿಗೊಬ್ಬರು ಹೇಳುವ ನಮಸ್ಕಾರವನ್ನು ಓಣಿಗೆಲ್ಲ ಕೇಳುವಂತೆ ಹೇಳಿದ. ಅದು ಯಾರ ಹೆಸರಿನ ನಮಸ್ಕಾರ, ಯಾವ ಮಂದಿಯದು ಎಂದು ಈ ದೇಶದಲ್ಲಿ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. ನಾನೂ ಎದ್ದು ಅಷ್ಟೇ ಗಟ್ಟಿಯಾಗಿ ಅದನ್ನೇ ಮರಳಿ ಹೇಳಿದೆ.

ಮಾವಶಿಯ ಕೈ ನಿಂತಿತ್ತು. ಹಣಿಗೆ ನನ್ನ ಕೂದಲಲ್ಲೇ ಸಿಕ್ಕಿಕೊಂಡಿತ್ತು. ಅವಳು ಮಾವನನ್ನು ಮರಾಠಿಯಲ್ಲಿ ಯಾವ ಊರು ಎಂದು ಕೇಳಿದಳು. ಅವನು ಹೇಳಿದ. ಊರಿನಲ್ಲಿ ಎಲ್ಲಿ ಎಂದು ಕೇಳಿದಳು. ಅವನು ಅದನ್ನೂ ಹೆಮ್ಮೆಯಿಂದ ಹೇಳಿದ. ಅವಳ ಮಗ, ಸೊಸೆ ಹೊಲಕ್ಕೆ ಹೋಗಿದ್ದರು; ಇದ್ದಿದ್ದರೂ ಊರು, ಓಣಿ ಕೇಳಿ ಅವರಿಗೆ ಹೆಚ್ಚೇನೂ ತಿಳಿಯುತ್ತಿರಲಿಲ್ಲ. ಅವಳಿಗೆ ಆ ಸೀಮೆಯ ಊರೂರಿನ ದಾರಿ ಗೊತ್ತು, ಯಾವ ಓಣಿ ಯಾವ ದಿಕ್ಕಿಗೆಂದು ಗೊತ್ತು. ಭಾಷೆಯನ್ನು ಬೇರು ಸಹಿತ ಬಲ್ಲವರಿಗೆ ಅದರ ಬೇಲಿಯೂ ಗೊತ್ತಿರುತ್ತದೆ. ಕಟ್ಟೆಯಿಂದ ಇಳಿದು, ಸೆರಗು ಕೊಡವಿ, “ಬರ್ತೇನ್ರಿ ಟೀಚರ” ಎಂದಳು. ಕನ್ನಡದಲ್ಲಿ. ಹಣಿಗೆ ಬಿಟ್ಟೇ ಹೋದಳು.

ಆಮೇಲೆ ಅವಳು ಜಗಳವಾಡಲಿಲ್ಲ, ಬಯ್ಯಲಿಲ್ಲ. ಬಯ್ದಿದ್ದರೆ ಮರಾಠಿಯಲ್ಲಿ ಬಯ್ಯಬೇಕಾಗುತ್ತಿತ್ತು, ನಾನೂ ಮರಾಠಿಯಲ್ಲಿ ಉತ್ತರ ಕೊಡುತ್ತಿದ್ದೆ, ಏನಾದರೂ ಉಳಿಯುತ್ತಿತ್ತು. ಅವಳು ಮರ್ಯಾದೆ ಕೊಡಲು ಶುರುಮಾಡಿದಳು. ನಾನು “ಮಾವಶೀ” ಎಂದರೆ ದೂರದಿಂದಲೇ “ಏನ್ರಿ ಟೀಚರ?” ಎನ್ನುತ್ತಿದ್ದಳು. “ಸಾಲಿಗಿ ಹೊಂಟ್ರೇನ್ರಿ?” “ಬಿಸಲ ಭಾಳ ಐತಿ ನೋಡ್ರಿ.” ಅಷ್ಟೇ. ನಾನು ಹಟ ಹಿಡಿದು ಮರಾಠಿಯಲ್ಲೇ ಕೇಳುತ್ತಿದ್ದೆ, ಅವಳು ಹಟ ಹಿಡಿದು ಕನ್ನಡದಲ್ಲೇ ಹೇಳುತ್ತಿದ್ದಳು. ಸೊಸೆ ಪಾಪ, ಆಗಿನ್ನೂ ಅವಳಿಗೆ ಯಾರೂ ಏನೂ ಹೇಳಿರಲಿಲ್ಲ. “ಮದ್ಲ ಹುಡುಗಿ ಹುಡುಗಿ ಅಂತಿದ್ರು. ಈಗ ನಮ್ಮತ್ತಿ ನಿಮಗ ಎಷ್ಟ ಮರ್ಯಾದಿ ಕೊಡ್ತಾರ ನೋಡ್ರಿ ಟೀಚರ” ಎಂದು ಖುಷಿಪಟ್ಟಳು. ಬಹುವಚನದಷ್ಟು ಚೆನ್ನಾಗಿ ಹೊರಗೆ ದಬ್ಬುವ ಕೈ ಇನ್ನೊಂದಿಲ್ಲ ಎಂದು ಅವಳಿಗೆ ಹೇಗೆ ತಿಳಿಯಬೇಕು? ಎಮ್ಮೆಯ ಜೊತೆಗಿನ ಮರಾಠಿ ಮಾತ್ರ ಎಂದಿನಂತೆ ನಡೆದಿತ್ತು. ಮುಂಜಾನೆ ಕಿಟಕಿಯಾಚೆ ಅದನ್ನು ಕೇಳುತ್ತ ಚಹಾ ಕುದಿಸುತ್ತಿದ್ದೆ. ಎಮ್ಮೆಯ ಮೇಲೆ ಹೊಟ್ಟೆಕಿಚ್ಚು ಪಟ್ಟವರು ಇದ್ದರೆ ಅದು ನಾನೊಬ್ಬಳೇ ಇರಬೇಕು.

ತಿಂಗಳು ಕಳೆಯುವುದರೊಳಗೆ ಯಜಮಾನ ಬಂದು ತಲೆ ಕೆರೆದುಕೊಂಡ. “ತಾಳಿಕೋಟಿಯಿಂದ ನಮ್ಮ ಬೀಗರ ಪೈಕಿ ಒಬ್ರು ಬರೋರದಾರ್ರಿ. ಖೋಲಿ ಬೇಕಾಗ್ಯಾವು.” ಬೀಗರು ಇವತ್ತಿಗೂ ಬಂದಿಲ್ಲ. ಊಟ ಬಲ್ಲವನಿಗೆ ರೋಗವಿಲ್ಲ, ಮಾತು ಬಲ್ಲವನಿಗೆ ಜಗಳವಿಲ್ಲ ಎಂದು ನಾನೇ ಮಕ್ಕಳಿಗೆ ಹೇಳಿಕೊಟ್ಟಿದ್ದೇನೆ. ಆ ಗಾದೆ ಕಟ್ಟಿದವರು ಬಾಡಿಗೆ ಮನೆ ಹುಡುಕಿರಲಿಕ್ಕಿಲ್ಲ. ಬಸ್‌ಸ್ಟ್ಯಾಂಡಿನ ಹತ್ತಿರ ಒಂದು ಕೋಣೆ ಸಿಕ್ಕಿತು, ಹೋದೆ. ಗಾಡಿಗೆ ಸಾಮಾನು ಹೇರುವಾಗ ಮುದುಕಿ ಹೊರಗೆ ಬರಲಿಲ್ಲ.

ವರ್ಷವಾಗಿರಬೇಕು. ಒಂದು ಮಧ್ಯಾಹ್ನ ಸೊಸೆ ಶಾಲೆಗೇ ಬಂದಳು. ಅಷ್ಟು ಹೊತ್ತಿಗೆ ಅವಳಿಗೂ ಎಲ್ಲ ಗೊತ್ತಾಗಿತ್ತು, ನನ್ನ ಕಣ್ಣು ತಪ್ಪಿಸಿ ಕಪ್ಪುಹಲಗೆಯನ್ನು ನೋಡುತ್ತ ಮಾತಾಡಿದಳು. “ಅತ್ತಿಗಿ ಲಕ್ವಾ ಹೊಡದೈತ್ರಿ. ಬಿಜಾಪುರದಾಗ ತೋರಿಸಿ ಮನಿಗಿ ತಂದೇವಿ. ಕನ್ನಡ ಎಲ್ಲಾ ಹೋಗಿಬಿಟ್ಟೈತ್ರಿ. ಬರೇ ಮರಾಠಿ ಮಾತಾಡ್ತಾರ, ಒಂದೂ ತಿಳಿವಲ್ದು. ಅಳ್ತಾರ, ಯಾಕ ಅಳ್ತಾರ ಗೊತ್ತಾಗವಲ್ದು.”

ಊರಿನಲ್ಲಿ ಮರಾಠಿ ಬರುತ್ತದೆ ಎಂದಿದ್ದವರನ್ನೆಲ್ಲ ಕರೆಸಿ ಆಗಿತ್ತಂತೆ. ಮಿರಜದಲ್ಲಿ ಎರಡು ವರ್ಷ ಇದ್ದೆ ಎನ್ನುತ್ತಿದ್ದ ಬ್ಯಾಂಕಿನವನು ಬಂದು ಹಿಂದಿಯನ್ನೇ ಜೋರಾಗಿ ಆಡಿದ, ಮುದುಕಿ ಗೋಡೆಗೆ ಮುಖ ಮಾಡಿಕೊಂಡಳು. ಬಂಗಾರ ಕರಗಿಸುವ ಅಂಗಡಿಯವನು ಸಾಂಗಲಿ ಕಡೆಯವನು, ಅವನಿಗೆ ನಿಜವಾಗಿಯೂ ಬರುತ್ತಿತ್ತು. ಆದರೆ ಹೆಂಗಸಿನ ಮೈಯ ನೋವನ್ನು ಗಂಡಸಿನ ಮುಂದೆ ಹೇಳಲು ಅವಳು ಬಾಯಿ ಬಿಡಲಿಲ್ಲ. ಹಾಳೂರಿಗೆ ಉಳಿದವನೇ ಗೌಡ. ಉಳಿದವಳು ನಾನು.

ಯಾಕೆ ಹೋದೆ? ದೊಡ್ಡ ಮನಸ್ಸಿನಿಂದ ಹೋದೆ ಎಂದು ಶಾಲೆಯ ಗೆಳತಿಯರು ಹೊಗಳಿದರು. ಅಂಥ ಮನಸ್ಸು ನನಗಿಲ್ಲ. ಕನ್ನಡ ಹೋಗಿದೆ, ಬರೀ ಮರಾಠಿ ಉಳಿದಿದೆ ಎಂದು ಕೇಳಿದೊಡನೆ ನನ್ನ ಹೊಟ್ಟೆಯಲ್ಲಿ ಎದ್ದದ್ದು ಆಸೆ. ಇನ್ನು ಅವಳು ನನ್ನನ್ನು “ಏನ್ರಿ ಟೀಚರ” ಎನ್ನಲಾರಳು. ಪೋರಿ ಎಂದೇ ಕರೆಯಬೇಕು. ಶಾಲೆ ಬಿಟ್ಟ ಕೂಡಲೇ ಸೊಸೆಯ ಹಿಂದೆ ನಡೆದೆ.

ಹೊಸ್ತಿಲಲ್ಲಿ ನಿಂತಾಗ ಯಜಮಾನ, “ನಡೀತದ್ರಿ, ಒಳಗ ಬರ್ರಿ” ಎಂದ. ಯಾರಿಗೆ ನಡೆಯುತ್ತದೆ, ಯಾವತ್ತಿನಿಂದ ನಡೆಯುತ್ತದೆ ಎಂದು ಕೇಳುವ ಮಾತು ನಾಲಿಗೆಯ ತುದಿಗೆ ಬಂದಿತ್ತು. ಚಪ್ಪಲಿ ಬಿಟ್ಟು ಒಳಗೆ ಹೋದೆ. ಒಳಕೋಣೆಯಲ್ಲಿ ಅವಳು ಹಾಸಿಗೆಯಲ್ಲಿ ಚಿಕ್ಕವಳಾಗಿ ಬಿದ್ದಿದ್ದಳು. ಬಾಯಿ ಒಂದು ಬದಿಗೆ ಸರಿದಿತ್ತು. ನಾನು ಮರಾಠಿಯಲ್ಲಿ ಏನಾಗುತ್ತಿದೆ ಎಂದು ಕೇಳಿದೆ. ಅವಳು ನನ್ನ ಮುಖವನ್ನು ಬಹಳ ಹೊತ್ತು ನೋಡಿ, “ಅಕ್ಕಾ, ಇಷ್ಟು ದಿನ ಎಲ್ಲಿ ಹೋಗಿದ್ದೆ?” ಎಂದಳು.

ನನ್ನನ್ನು ಸತ್ತ ಅಕ್ಕ ಎಂದುಕೊಂಡಿದ್ದಳು. ನಾನು ತಿದ್ದಲಿಲ್ಲ. ದಿನಾ ಸಂಜೆ ಹೋದೆ. ಸೊಂಟದ ಕೆಳಗೆ ಹಾಸಿಗೆ ಒತ್ತುತ್ತದೆ, ತಿರುಗಿಸಿರಿ ಎಂದು ಸೊಸೆಗೆ ಹೇಳಿದೆ. ಗಂಜಿ ಸುಡುತ್ತದಂತೆ. ದೀಪ ಕಣ್ಣಿಗೆ ಹೊಡೆಯುತ್ತದಂತೆ. ರಾತ್ರಿ ಕಾಲಿನ ಹತ್ತಿರ ಯಾರಾದರೂ ಮಲಗಬೇಕಂತೆ, ಅಂಜಿಕೆಯಾಗುತ್ತದಂತೆ. ಒಂದೊಂದನ್ನು ಹೇಳಿದಾಗಲೂ ಯಜಮಾನ ಹಣೆ ಬಡಿದುಕೊಂಡು, “ಅಯ್ಯ, ಇಷ್ಟಕ್ಕss ಅಳ್ತಿದ್ಳೇನ್ರಿ!” ಎನ್ನುತ್ತಿದ್ದ. ಕೆಲಸದ ಮಾತು ಮುಗಿದ ಮೇಲೆ ನಮ್ಮಿಬ್ಬರ ಮಾತು. ಹುಣಸೆಯ ಕಾಯಿ ಉದುರಿಸಲು ಹೋಗೋಣ ಎನ್ನುತ್ತಿದ್ದಳು. ಅಪ್ಪ ಮಲಗಲಿ ತಾಳು ಎನ್ನುತ್ತಿದ್ದೆ. ಬರುವಾಗ ಒಳ್ಳೆಯ ಕೈಯಿಂದ ನನ್ನ ಸೆರಗು ಹಿಡಿದು, “ಜೇವಲೀಸ ಕಾ?” ಎಂದು ಕೇಳುತ್ತಿದ್ದಳು. ನನ್ನ ತಾಯಿಯ ಮಾತು, ನನ್ನ ತಾಯಿಯ ಎಳೆತ. ದಾರಿಯುದ್ದಕ್ಕೂ ಅಳುತ್ತ ಕೋಣೆಗೆ ಬರುತ್ತಿದ್ದೆ, ಮರುದಿನ ಶಾಲೆಯ ಗಂಟೆಗಾಗಿ ಕಾಯುತ್ತಿದ್ದೆ. ಬುದ್ಧಿ ಚೆದುರಿದ ಮುದುಕಿಯೊಬ್ಬಳ ಸುಳ್ಳು ಅಕ್ಕನಾಗಿ ಇರುವುದು ಸಾಕೆನಿಸುವಷ್ಟು ನಾನು ಬರಗೆಟ್ಟಿದ್ದೆ.

ಡಾಕ್ಟರು ದಿನ ಕಳೆದಂತೆ ತಿಳಿವು ಮರಳುತ್ತದೆ ಎಂದಿದ್ದರಂತೆ. ಮರಳಿತು.

ಆ ಸಂಜೆ ನಾನು ಹೋದಾಗ ಅವಳನ್ನು ದಿಂಬಿಗೆ ಒರಗಿಸಿ ಕೂರಿಸಿದ್ದರು. ಬಾಯಿ ತುಸು ನೆಟ್ಟಗಾಗಿತ್ತು. ಮಗನನ್ನು ಅಂದೇ ಮೊದಲ ಸಲ ಗುರುತಿಸಿ ಅವನ ಕೆನ್ನೆ ಸವರಿದ್ದಳಂತೆ. ಮನೆಯಲ್ಲಿ ಸಂಭ್ರಮ. ನಾನು ಎಂದಿನಂತೆ ಹಾಸಿಗೆಯ ಅಂಚಿನಲ್ಲಿ ಕೂತು, ಹೇಗಿದ್ದೀ ಎಂದೆ. ಅವಳು ನನ್ನನ್ನು ನೋಡಿದಳು. ಕಣ್ಣಿನಲ್ಲಿ ಮಂಜು ಸರಿದು ಗುರುತು ಮೂಡುವುದು ನನಗೆ ಕಾಣಿಸಿತು. ಯಜಮಾನನಿಗೂ ಕಾಣಿಸಿತು. “ನಿಮ್ಮ ಗುರುತ ಹತ್ತಿತು ನೋಡ್ರಿ ಟೀಚರ! ಹತ್ತಿತು!” ಎಂದು ಅವನು ಕುಣಿದಾಡಿಬಿಟ್ಟ. ಅವಳು ತನ್ನ ಸೆರಗನ್ನು ನನಗೆ ತಾಗದಂತೆ ಎಳೆದುಕೊಂಡು, ಮಗನ ಕಡೆ ತಿರುಗಿ, ತೊದಲಿಲ್ಲದ ಮರಾಠಿಯಲ್ಲಿ ಹೇಳಿದಳು: “ಹಿಲಾ ಆತ ಕುಣೀ ಘೇತಲಂ?”

“ಏನಂದ್ಳ್ರಿ ಅವ್ವ?” ಯಜಮಾನ ನಗುತ್ತಲೇ ಕೇಳಿದ.

ಬೇರೆ ಏನಾದರೂ ಹೇಳಬಹುದಿತ್ತು. ಮೈ ಹಗುರಾಗಿದೆಯಂತೆ ಎನ್ನಬಹುದಿತ್ತು. ಆದರೆ ಅಷ್ಟು ದಿನ ಅವಳ ಒಂದು ಮಾತನ್ನೂ ನಾನು ಹೆಚ್ಚುಕಡಿಮೆ ಮಾಡಿರಲಿಲ್ಲ.

“ಇಕಿನ್ನ ಒಳಗ ಯಾರು ಬಿಟ್ಕೊಂಡ್ರು ಅಂತ ಕೇಳಾಕತ್ತಾರ್ರಿ” ಎಂದೆ.

ಯಜಮಾನನ ನಗು ಸ್ವಲ್ಪ ಹೊತ್ತು ಮುಖದ ಮೇಲೇ ಇತ್ತು, ಎಲ್ಲಿ ಇಡುವುದೆಂದು ಅವನಿಗೆ ತಿಳಿಯಲಿಲ್ಲ. ಆಮೇಲೆ, “ಮನಸಿಗಿ ಹಚ್ಕೋಬ್ಯಾಡ್ರಿ ಟೀಚರ, ಹಳೀ ಮಂದಿ” ಎಂದ. ಅವಳನ್ನು ಬಯ್ಯಲಿಲ್ಲ. ಅವಳಿಗೆ ತಿಳಿಯುವಂತೆ ಬಯ್ಯಲು ಅವನಿಗೆ ಭಾಷೆಯೂ ಇರಲಿಲ್ಲ, ಬಿಡಿ. “ಅದಿರ್ಲಿ, ಮುಂಜಾನಿಂದ ಹನಿ ನೀರ ಕುಡದಿಲ್ರಿ. ಕುಡಿತಾಳೇನು ಒಂದೀಟ ಕೇಳ್ರಿ.”

ನಾನು ಕೇಳಿದೆ. ಅವಳು ಗೋಡೆಯ ಕಡೆ ನೋಡುತ್ತ ಉತ್ತರ ಕೊಟ್ಟಳು. ಯಜಮಾನ ನನ್ನ ಬಾಯಿಯನ್ನೇ ನೋಡುತ್ತಿದ್ದ.

“ಕುಡಿತಾರಂತ್ರಿ. ನಾ ಹೊರಗ ಹೋದ ಮ್ಯಾಲ.”

ಎದ್ದು ಬಂದು ಚಪ್ಪಲಿ ಮೆಟ್ಟಿಕೊಂಡೆ. ಯಾರೂ ನಿಲ್ಲಿಸಲಿಲ್ಲ. ಒಳಗಿನಿಂದ ಅವನು ಕೂಗಿ ಕೇಳಿದ್ದು ಇಷ್ಟೇ: “ನಾಳಿ ಸಾಲಿ ಬಿಟ್ಟ ಮ್ಯಾಲ ಬರ್ತೀರಲ್ರಿ, ಟೀಚರ?”

ಇನ್ನು ಈ ಮನೆಗೆ ಕಾಲಿಡುವುದಿಲ್ಲ ಎಂದು ಹೇಳಿದೆ. ಒಳಕೋಣೆಗೂ ಕೇಳುವಂತೆ, ನನ್ನ ತಾಯಿಯ ಮರಾಠಿಯಲ್ಲಿ ಹೇಳಿದೆ. “ಏನಂದ್ರಿ?” ಎಂದು ಯಜಮಾನ ಕೇಳುತ್ತಲೇ ಇದ್ದ. ಆ ಮನೆಯಲ್ಲಿ ಅದು ತಿಳಿದವಳು ಒಬ್ಬಳೇ, ಅವನಿಗೆ ಹೇಳಲು ಅವಳ ಹತ್ತಿರ ಕನ್ನಡವಿರಲಿಲ್ಲ.